ಯಾರೂ ಮೀಟದ ಗಾಂಧಾರವನ್ನು ಕೇಳಲು ಬಿಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಪ್ರಕಟವಾದ ಪತ್ರವೊಂದಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಶಿವಮೊಗ್ಗದ ಶಾಸ್ತ್ರೀಯ ಸಂಗೀತ ಕಛೇರಿಗಳಲ್ಲಿ ಅರ್ಧಕ್ಕರ್ಧ ಕುರ್ಚಿಗಳು ಖಾಲಿ ಉಳಿಯುವುದನ್ನು ಪ್ರಸ್ತಾಪಿಸಿದ ಆ ಪತ್ರದ ಲೇಖಕರು, ರಾಗ ತಾಳಗಳ ತಿಳಿವಳಿಕೆಯಿಲ್ಲದ ಸಾಮಾನ್ಯರಿಗೆ ಈ ಸಂಗೀತದಿಂದ ಏನೂ ದಕ್ಕುವುದಿಲ್ಲವಾದ್ದರಿಂದ ಅವರು ಬಾರದಿರುವುದೇ ಸಹಜವೆಂದು ಅಭಿಪ್ರಾಯಪಟ್ಟಿದ್ದರು. ಅವರ ಕಳಕಳಿಯ ಬಗ್ಗೆ ನನಗೆ ಗೌರವವಿದೆ. ಅವರು ಕೊಟ್ಟ ಕಾರಣವನ್ನು ಮಾತ್ರ ಒಪ್ಪಲಾರೆ. ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿ, ಸರ್ಕಾರಿ ನೌಕರಿಯಿಂದ ನಿವೃತ್ತನಾಗಿ ಈಗ ಶಿವಮೊಗ್ಗದಲ್ಲಿ ನೆಲೆಸಿರುವ ನನಗೆ 71 ವರ್ಷ. ಒಂದು ಸ್ವರವನ್ನೂ ಶುದ್ಧವಾಗಿ ಹಾಡಲಾರೆ, ಯಾವ ವಾದ್ಯವನ್ನೂ ನುಡಿಸಲಾರೆ. ಆದರೆ ಚಿಕ್ಕಂದಿನಿಂದ ಬಿಡದೆ ಕೇಳುತ್ತಾ ಬಂದಿದ್ದೇನೆ. ಆ ಕೇಳ್ಮೆಯಿಂದ ನನಗೆ ದೊರೆತದ್ದೇನು, ನಮ್ಮೂರಿನಲ್ಲಿ ಅದಕ್ಕೆ ಇಂದು ಒದಗಿರುವ ಅಡ್ಡಿಯೇನು ಎಂಬುದನ್ನು ಹೇಳಲು ಸ್ವಲ್ಪ ಹೆಚ್ಚು ಜಾಗವನ್ನೇ ಕೇಳುತ್ತಿದ್ದೇನೆ.

ಭದ್ರಾವತಿಯ ಆಕಾಶವಾಣಿ ಕೇಂದ್ರ 1965ರಲ್ಲಿ ಆರಂಭವಾದಾಗ ನಾನು ಶಾಲೆಗೆ ಹೋಗುವ ಹುಡುಗ. ಅದಾದ ಕೆಲವು ವರ್ಷಗಳಿಗೆ ನಮ್ಮ ಮನೆಗೆ ಟ್ರಾನ್ಸಿಸ್ಟರ್ ಬಂತು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಮಾಡಿಸಬೇಕಾಗಿದ್ದ ಕಾಲವದು. ಅಡಿಕೆ ಗೊನೆಗಳ ಕೊಯ್ಲಿನ ದಿನಗಳಲ್ಲಿ ಅಂಗಳದ ಚಪ್ಪರದಡಿ ಹತ್ತು ಹನ್ನೆರಡು ಮಂದಿ ಮೆಟ್ಟುಗತ್ತಿಗಳ ಮುಂದೆ ಕುಳಿತು ರಾತ್ರಿ ಬಹಳ ಹೊತ್ತಿನವರೆಗೆ ಅಡಿಕೆ ಸುಲಿಯುತ್ತಿದ್ದರು. ಆಚೆ ಒಲೆಯ ಮೇಲಿನ ಹಂಡೆಯಲ್ಲಿ ಸುಲಿದ ಅಡಿಕೆ ಬೇಯುತ್ತಿತ್ತು. ಚಪ್ಪರದ ಕಂಬಕ್ಕೆ ತೂಗುಹಾಕಿದ ಟ್ರಾನ್ಸಿಸ್ಟರಿನಲ್ಲಿ ಶನಿವಾರದ ರಾತ್ರಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಬರುತ್ತಿತ್ತು. ಆಕಾಶವಾಣಿಯು 1952ರಲ್ಲಿ ಆರಂಭಿಸಿದ ಆ ಕಾರ್ಯಕ್ರಮದಲ್ಲಿ ದೇಶದ ದೊಡ್ಡ ದೊಡ್ಡ ಕಲಾವಿದರು ಅವಸರವಿಲ್ಲದೆ, ದೀರ್ಘವಾಗಿ ಹಾಡುತ್ತಿದ್ದರು.

ಸುಲಿಯಲು ಬರುತ್ತಿದ್ದವರಲ್ಲಿ ಒಬ್ಬ ಹಿರಿಯ ಹೆಂಗಸಿದ್ದರು. ಅಕ್ಷರ ಬಲ್ಲವರಲ್ಲ, ರಾಗವೆಂಬ ಮಾತನ್ನು ಅವರು ಬಳಸಿದ್ದನ್ನು ನಾನು ಕೇಳಿಲ್ಲ. ಸುಲಿತದ ಕೂಲಿ ಅಳತೆಯ ಲೆಕ್ಕದಲ್ಲಿ ಸಲ್ಲುತ್ತಿದ್ದುದರಿಂದ ಕೈ ನಿಂತಷ್ಟು ಹೊತ್ತು ಸಂಪಾದನೆಯೂ ನಿಲ್ಲುತ್ತಿತ್ತು. ಒಂದು ರಾತ್ರಿ ನಿಧಾನಗತಿಯ ಆಲಾಪವೊಂದು ಬರುತ್ತಿದ್ದಾಗ ಅವರ ಮೆಟ್ಟುಗತ್ತಿಯ ಸದ್ದು ನಿಂತಿತು. ಬೇರೆ ಕೇಂದ್ರ ಹಾಕಲೆಂದು ನನ್ನ ತಂದೆಯವರು ಎದ್ದಾಗ ಆಕೆ, "ಒಂಚೂರು ತಡೀರಿ ಅಯ್ಯ, ಯಾರೋ ದೂರದಿಂದ ಕರ್ದಂಗಾಗ್ತದೆ" ಎಂದರು. ತಂದೆಯವರು ಮತ್ತೆ ಕುಳಿತರು. ಆ ರಾಗ ದರ್ಬಾರಿ ಕಾನಡಾ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅದರ ಕೋಮಲ ಗಾಂಧಾರವನ್ನು, ಅಂದರೆ ತಗ್ಗಿಸಿದ ‘ಗ’ ಸ್ವರವನ್ನು, ಒಂದೆಡೆ ನಿಲ್ಲಿಸದೆ, ತೊಟ್ಟಿಲಿನಂತೆ ಮೆಲ್ಲಗೆ ತೂಗುತ್ತಾ ಹಾಡಬೇಕೆಂಬುದೂ, ಆ ಆಂದೋಲನವೇ ರಾಗದ ಜೀವವೆಂಬುದೂ ಅನಂತರ ಪುಸ್ತಕಗಳಿಂದ ತಿಳಿಯಿತು. ಇಷ್ಟೆಲ್ಲ ತಿಳಿದ ಮೇಲೆ ನಾನು ಆ ರಾಗವನ್ನು ಆಕೆಗಿಂತ ಹೆಚ್ಚು ಕೇಳಿದ್ದೇನೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ಮಲೆನಾಡಿನ ಜನರಿಗೆ ಕೇಳುವುದು ಹೊಸ ವಿದ್ಯೆಯೇನಲ್ಲ. ತುಂಗೆಯ ದಂಡೆಯ ಹೊಸಹಳ್ಳಿ ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯ, ಊರೆಂದೇ ಪ್ರಸಿದ್ಧವಾಗಿದೆ; ಅಲ್ಲಿನ ಹಿರಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಾಗ ಜಿಲ್ಲೆಯೇ ಸಂಭ್ರಮಿಸಿತು. ಗಮಕದಲ್ಲಿ ತಾಳದ ಕಟ್ಟಿಲ್ಲ. ಕಾವ್ಯದ ಭಾವ ಬದಲಾದಂತೆ ಗಮಕಿ ರಾಗ ಬದಲಿಸುತ್ತಾರೆ. ಓದು ಬಾರದ ನಮ್ಮ ಅಜ್ಜಿಯಂದಿರು ಕುಮಾರವ್ಯಾಸನನ್ನು ಕಿವಿಯಿಂದಲೇ ಪೂರ್ತಿಯಾಗಿ ಪಡೆದದ್ದು ಹೀಗೆ. ರಾತ್ರಿಯಿಡೀ ಯಕ್ಷಗಾನ ನೋಡುವವರು ಭಾಗವತರ ಕಂಠದಲ್ಲಿ ಎಷ್ಟು ರಾಗಗಳು ಬಂದುಹೋದವೆಂದು ಎಣಿಸುವುದಿಲ್ಲ. ಆದರೂ ಕರುಣರಸದ ಪದ ಆರಂಭವಾಗುತ್ತಿದ್ದಂತೆ ಬಯಲೆಲ್ಲ ಸ್ತಬ್ಧವಾಗುತ್ತದೆ. ಕರ್ನಾಟಕ ಸಂಗೀತಕ್ಕೆ ಪಾಠಕ್ರಮವನ್ನು ಹಾಕಿಕೊಟ್ಟ ಪುರಂದರದಾಸರು ನಮ್ಮ ತೀರ್ಥಹಳ್ಳಿಯ ಆರಗ ಸೀಮೆಯವರೇ ಎಂಬ ವಾದವೂ ಇದೆ. ಅದರ ತೀರ್ಮಾನವನ್ನು ವಿದ್ವಾಂಸರಿಗೆ ಬಿಡೋಣ. ಆದರೆ ದಾಸರ ಪದಗಳು ನಾಲ್ಕೂವರೆ ಶತಮಾನಗಳಿಂದ ಉಳಿದಿರುವುದರಲ್ಲಿ, ಅವನ್ನು ಹೊಸ್ತಿಲಲ್ಲಿ ಕುಳಿತು ಕೇಳಿ ಮನಸ್ಸಿನಲ್ಲಿಟ್ಟುಕೊಂಡವರ ಪಾಲು ಹಾಡಿದವರ ಪಾಲಿಗಿಂತ ಕಡಿಮೆಯೇನಲ್ಲ. ಭಾಗವತದಲ್ಲಿ ಪ್ರಹ್ಲಾದನು ಹೇಳುವ ಒಂಬತ್ತು ಬಗೆಯ ಭಕ್ತಿಯಲ್ಲಿ ಶ್ರವಣ ಮೊದಲನೆಯದು, ಕೀರ್ತನ ಅದರ ಅನಂತರದ್ದು. ಆ ಕ್ರಮಕ್ಕೆ ಕಾರಣವಿದೆಯೆಂದು ನಾನು ನಂಬಿದ್ದೇನೆ.

ನಮ್ಮ ಶಿವಮೊಗ್ಗಕ್ಕೆ ಇನ್ನೊಂದು ಭಾಗ್ಯವಿದೆ. ಉತ್ತರಕ್ಕೆ ಧಾರವಾಡ, ದಕ್ಷಿಣಕ್ಕೆ ಬೆಂಗಳೂರು ಮೈಸೂರುಗಳಿರುವುದರಿಂದ ಹಿಂದೂಸ್ತಾನಿ, ಕರ್ನಾಟಕ ಪದ್ಧತಿಗಳೆರಡೂ ನಮ್ಮ ಕಿವಿಗೆ ಮನೆಯವೇ. ಬೆಳಿಗ್ಗೆ ಧಾರವಾಡ ಕೇಂದ್ರದಲ್ಲಿ ಮಾಲಕಂಸ್ ಎಂದು ಕೇಳಿದ್ದನ್ನು ಸಂಜೆ ಭದ್ರಾವತಿಯಲ್ಲಿ ಹಿಂದೋಳವೆಂದು ಕೇಳಿ, ಅವೇ ಸ್ವರಗಳು ಎರಡು ಊರಿನ ಸೋದರಿಯರಂತೆ ಬೇರೆ ಬೇರೆ ನಡಿಗೆಯಲ್ಲಿ ಬರುವುದನ್ನು ಗುರುತಿಸುವ ಸಂತೋಷ ನನಗೆ ಒದಗಿದ್ದು ಈ ನೆಲದಿಂದ. (ಮಾಲಕಂಸ್ ರಾತ್ರಿಯ ರಾಗ, ಬೆಳಿಗ್ಗೆ ಅದನ್ನು ಹಾಕಿದ್ದಕ್ಕೆ ನಮ್ಮ ಸೋದರಮಾವ ಒಮ್ಮೆ ಆಕಾಶವಾಣಿಗೆ ಕಾರ್ಡು ಬರೆದಿದ್ದರು.) ತೋಡಿಯ ವಿಷಯದಲ್ಲಿ ಹೆಸರು ಒಂದೇ ಇದ್ದರೂ ರಾಗ ಬೇರೆ. ಹಿಂದೂಸ್ತಾನಿಯವರ ತೋಡಿಯ ಸ್ವರಗಳು ನಮ್ಮ ಕರ್ನಾಟಕ ಪದ್ಧತಿಯ ಶುಭಪಂತುವರಾಳಿಯವು. ನಮ್ಮ ತೋಡಿಯ ಸ್ವರಗಳು ಅವರ ಭೈರವಿಯವು.

ಈ ತೋಡಿಯ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. 14 ವರ್ಷಗಳ ಹಿಂದೆ ನನ್ನ ಪತ್ನಿ ತೀರಿಕೊಂಡರು. ಹದಿಮೂರು ದಿನಗಳ ವಿಧಿಗಳು ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ, ಆಷಾಢದ ಮಳೆಯಲ್ಲಿ ಆ ಮನೆಯೊಳಗೆ ಇರುವುದೇ ಕಷ್ಟವಾಯಿತು. ಬಂದವರೆಲ್ಲ ಒಳ್ಳೆಯ ಮಾತುಗಳನ್ನೇ ಆಡಿದ್ದರು. ಆದರೆ ಸಮಾಧಾನದ ಮಾತಿಗೆ ಪ್ರತಿಯಾಗಿ ನಾವೂ ತಲೆಯಾಡಿಸಬೇಕಾಗುತ್ತದೆ, ಏನಾದರೊಂದು ಉತ್ತರ ಕೊಡಬೇಕಾಗುತ್ತದೆ, ಅದಕ್ಕೂ ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ರೇಡಿಯೋದಲ್ಲಿ ಹಿಂದೂಸ್ತಾನಿ ತೋಡಿ ಬಂತು. ಹಾಡುತ್ತಿದ್ದವರು ಕೋಮಲ ಋಷಭ, ಕೋಮಲ ಗಾಂಧಾರ, ಕೋಮಲ ಧೈವತಗಳ ನಡುವೆ ಬಹಳ ಹೊತ್ತು ಅಲೆದು, ಆಧಾರಸ್ವರವಾದ ಷಡ್ಜಕ್ಕೆ ಬಂದು ನಿಂತಾಗ ನಾನು ಅಳುತ್ತಿದ್ದೆ. ಆ ರಾಗ ನನ್ನಿಂದ ಉತ್ತರವನ್ನು ಬಯಸಲಿಲ್ಲ. ನನ್ನ ದುಃಖ ಅದರಿಂದ ಕಡಿಮೆಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅದನ್ನು ಇಟ್ಟುಕೊಳ್ಳಲು ಒಂದು ಜಾಗ ಸಿಕ್ಕಿತು. ಅಂದಿನಿಂದ ಬೆಳಿಗ್ಗೆ ಅರ್ಧ ಗಂಟೆ ಕೇಳುವುದನ್ನು ಸಂಧ್ಯಾವಂದನೆಯಂತೆಯೇ ನಡೆಸಿಕೊಂಡು ಬಂದಿದ್ದೇನೆ.

ಕೇಳುವುದು ಕಲಾವಿದರನ್ನೂ ಹೇಗೆ ಕಟ್ಟುತ್ತದೆಂಬುದಕ್ಕೆ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ನಮ್ಮ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಬದುಕೇ ಸಾಕ್ಷಿ. ಬಾಲ್ಯದಲ್ಲೇ ಹೆಸರು ಮಾಡಿದ್ದ ಅವರು ಕ್ಷಯಕ್ಕೆ ತುತ್ತಾಗಿ, 1948ರ ಹೊತ್ತಿಗೆ ಮಧ್ಯಪ್ರದೇಶದ ದೇವಾಸಕ್ಕೆ ಹೋಗಿ ನೆಲೆಸಿ, ವರ್ಷಗಟ್ಟಲೆ ಹಾಡದೆ ಹಾಸಿಗೆಯಲ್ಲಿ ಕಳೆದರು. ಮಾಳ್ವದ ಹಳ್ಳಿಗರ ಹಾಡುಗಳನ್ನು ಅವರು ಮನಸ್ಸಿಗೆ ತುಂಬಿಕೊಂಡದ್ದು ಆ ದಿನಗಳಲ್ಲಿ. ಮತ್ತೆ ಹಾಡತೊಡಗಿದಾಗ ಒಂದೇ ಶ್ವಾಸಕೋಶದ ಬಲದಲ್ಲಿ, ಚಿಕ್ಕ ಚಿಕ್ಕ ಉಸಿರುಗಳಲ್ಲಿ ಅವರು ಹಾಡಿದ್ದು ಬೇರೆಯದೇ ಸಂಗೀತ. ಅದರಲ್ಲಿ ಆ ಹಳ್ಳಿಗರ ದನಿಯಿತ್ತು, ನಡುನಡುವೆ ಮೌನಕ್ಕೂ ಎಡೆಯಿತ್ತು.

ಇನ್ನು ಹಾಡಿಗೆ ಶ್ರುತಿಯನ್ನು, ಅಂದರೆ ಆಧಾರಸ್ವರವನ್ನು, ಹಿಡಿದುಕೊಡುವ ತಂಬೂರಿಯ ವಿಷಯಕ್ಕೆ ಬರುತ್ತೇನೆ. ಈ ಪತ್ರದ ಮುಖ್ಯ ಬಿನ್ನಹ ಇರುವುದು ಅಲ್ಲಿ. ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು: ಒಂದು ಪಂಚಮ, ಎರಡು ಮಧ್ಯಷಡ್ಜ, ಕೊನೆಯದು ಮಂದ್ರಷಡ್ಜ. ತಂತಿಗೂ, ಅದು ಹಾದುಹೋಗುವ ಅಗಲವಾದ, ತುಸು ಬಾಗಿದ ಪಟ್ಟಿಯಾದ ಕುದುರೆಗೂ ನಡುವೆ ಒಂದು ಎಳೆ ನೂಲನ್ನು ಸರಿಯಾದ ಜಾಗದಲ್ಲಿ ಕೂರಿಸಿದಾಗ ನಾದ ಅರಳುತ್ತದೆ. ಆ ನೂಲಿಗೆ ನಮ್ಮವರು ಜೀವ ಎಂದೇ ಹೆಸರಿಟ್ಟಿದ್ದಾರೆ. ಕಲ್ಕತ್ತೆಯಲ್ಲಿದ್ದ ಸಿ.ವಿ. ರಾಮನ್ ಅವರು 1921ರಲ್ಲಿ ತಂಬೂರಿ, ವೀಣೆಗಳ ಕುರಿತು ಬರೆದ ಪ್ರಬಂಧದಲ್ಲಿ, ಮೀಟಿದ ಜಾಗವನ್ನು ನೋಡಿದರೆ ಭೌತಶಾಸ್ತ್ರದ ನಿಯಮದಂತೆ ಹುಟ್ಟಲೇಬಾರದ ಉಪಸ್ವರಗಳು (ಮೂಲಸ್ವರದೊಡನೆ ಮೂಡುವ ಸಣ್ಣ ಸ್ವರಗಳು) ಕೂಡ ಈ ಕುದುರೆಯ ರಚನೆಯಿಂದಾಗಿ ಬಲವಾಗಿ ಕೇಳಿಬರುವುದನ್ನು ತೋರಿಸಿಕೊಟ್ಟರು. ಶ್ರುತಿ ಚೆನ್ನಾಗಿ ಕೂಡಿದ ತಂಬೂರಿಯ ಮಂದ್ರಷಡ್ಜವನ್ನು ಮೀಟಿ ಸುಮ್ಮನೆ ಕುಳಿತರೆ, ಸ್ವಲ್ಪ ಹೊತ್ತಿನಲ್ಲಿ ಅಂತರ ಗಾಂಧಾರವೊಂದು ತಾನಾಗಿ ಕಿವಿಯಲ್ಲಿ ಮೂಡುತ್ತದೆ. ಅದಕ್ಕೆಂದು ತಂತಿಯಿಲ್ಲ, ಅದನ್ನು ಯಾರೂ ಮೀಟಿರುವುದಿಲ್ಲ. ಸ್ವಯಂಭೂ ಗಾಂಧಾರವೆಂದು ಅದಕ್ಕೆ ಹೆಸರು. ಮೀಟಿದ್ದರಿಂದ ಹುಟ್ಟುವ ಆಹತನಾದ, ಯಾವ ಪೆಟ್ಟೂ ಇಲ್ಲದೆ ಇರುವ ಅನಾಹತನಾದ ಎಂದು ನಮ್ಮ ಶಾಸ್ತ್ರಕಾರರು ನಾದವನ್ನು ಎರಡಾಗಿ ವಿಂಗಡಿಸಿದ್ದಾರೆ. ಅನಾಹತವು ಯೋಗಿಗಳಿಗೆ ಮಾತ್ರ ಗೋಚರವೆನ್ನುತ್ತಾರೆ. ಅದನ್ನು ಕೇಳುವ ಯೋಗ್ಯತೆ ನನಗಿಲ್ಲ. ಆದರೆ ಅಂಥದ್ದೊಂದು ಇರಬಹುದೆಂಬ ನಂಬಿಕೆ ಸಂಸಾರಿಗನಾದ ನನ್ನಲ್ಲಿ ಹುಟ್ಟಿದ್ದು ಆ ಗಾಂಧಾರವನ್ನು ಕೇಳಿದ ದಿನ.

ಎರಡು ವರ್ಷಗಳ ಹಿಂದೆ ನನ್ನ ಕಿವಿ ಮಂದವಾಯಿತು. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಮಸುಕಾಗುವುದು ತಾರಸ್ಥಾಯಿಯ ಸಣ್ಣ ಸದ್ದುಗಳು. ವೈದ್ಯರ ಸಲಹೆಯಂತೆ ಶ್ರವಣಯಂತ್ರ ಹಾಕಿಸಿಕೊಂಡೆ; ಮೊಮ್ಮಕ್ಕಳ ಮಾತು ಮತ್ತೆ ಸ್ಪಷ್ಟವಾಯಿತು. ಆ ಸಂತೋಷದಲ್ಲಿ ಕಛೇರಿಯೊಂದಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕುಳಿತೆ. ಗಾಯಕರ ಹಿಂದೆ ತಂಬೂರಿ ಹಿಡಿದಿದ್ದ ಹುಡುಗಿಯ ಬೆರಳುಗಳು ತಂತಿಯ ಮೇಲೆ ಆಡುವುದು ಕಾಣುತ್ತಿತ್ತು, ನಾದ ಮಾತ್ರ ಇರಲಿಲ್ಲ. ಗಾಯಕರು ಷಡ್ಜವನ್ನು ದೀರ್ಘವಾಗಿ ಹಿಡಿದು ನಿಂತಾಗ ಅದೂ ನಡುಗಿ, ಕುಗ್ಗಿ, ಮಾಯವಾಗುತ್ತಿತ್ತು. ನನ್ನ ಪಾಲಿಗೆ ಸಂಗೀತ ಮುಗಿಯಿತೆಂದು ತಿಳಿದು ಆ ರಾತ್ರಿ ಮನೆಗೆ ನಡೆದುಕೊಂಡೇ ಬಂದೆ. ಮಾರನೆಯ ವಾರ ಶ್ರವಣತಜ್ಞೆಯೊಬ್ಬರು ತಾಳ್ಮೆಯಿಂದ ವಿವರಿಸಿದರು. ಈ ಯಂತ್ರಗಳನ್ನು ಮಾಡಿರುವುದು ಮುಖ್ಯವಾಗಿ ಮಾತಿಗಾಗಿ. ಮಾತು ಏರಿಳಿಯುತ್ತದೆ, ನಡುನಡುವೆ ನಿಲ್ಲುತ್ತದೆ. ಒಂದೇ ಸಮನೆ ಮುಂದುವರಿಯುವ ಸದ್ದನ್ನು ಫ್ಯಾನಿನ ಅಥವಾ ಮೋಟಾರಿನ ಗದ್ದಲವೆಂದು ಎಣಿಸಿ ಯಂತ್ರ ತಗ್ಗಿಸಿಬಿಡುತ್ತದೆ. ದೀರ್ಘವಾಗಿ ನಿಂತ ಸ್ವರವನ್ನು ತನ್ನದೇ ಸಿಳ್ಳೆಯೆಂದು ತಪ್ಪು ತಿಳಿದು ಅಡಗಿಸುವುದೂ ಉಂಟು. ಸಂಗೀತಗಾರರು ಶ್ರುತಿಯೆಂದು ಹಿಡಿದು ನಿಂತಿರುವುದನ್ನೇ ಆ ಯಂತ್ರ ಗದ್ದಲವೆಂದು ಒರೆಸಿಹಾಕುತ್ತಿತ್ತು. ಆಕೆ ಸಂಗೀತಕ್ಕೆಂದೇ ಇರುವ ಬೇರೊಂದು ಹೊಂದಾಣಿಕೆಯನ್ನು ಮಾಡಿಕೊಟ್ಟರು. ಅಂದು ಸಂಜೆ ಮನೆಯಲ್ಲಿ ಮೊಮ್ಮಗಳು ತಂಬೂರಿ ಮೀಟಿದಳು. ನಾಲ್ಕೈದು ಸುತ್ತು ಕಳೆದ ಮೇಲೆ, ಬಹಳ ಸಣ್ಣದಾಗಿ, ಆ ಗಾಂಧಾರ ಬಂತು. ಕಿವಿ ಮಂದವಾದ ಹಿರಿಯರು ನಮ್ಮ ಸಭಿಕರಲ್ಲಿ ಅನೇಕರಿದ್ದಾರೆ. ಯಂತ್ರ ಹಾಕಿಕೊಂಡ ಮೇಲೆ ಸಂಗೀತ ರುಚಿಸುವುದಿಲ್ಲವೆಂದು ಕಛೇರಿಗೆ ಬರುವುದನ್ನೇ ಬಿಟ್ಟವರೂ ನನಗೆ ಗೊತ್ತು. ತಜ್ಞರಲ್ಲಿ ಈ ಹೊಂದಾಣಿಕೆಯ ಬಗ್ಗೆ ತಪ್ಪದೆ ವಿಚಾರಿಸಬೇಕೆಂದು ಅವರಲ್ಲಿ ಈ ಪತ್ರದ ಮೂಲಕ ಕೋರುತ್ತೇನೆ.

ಇಂಥ ರಾಗ ಕೇಳಿದರೆ ಇಂಥ ಕಾಯಿಲೆ ವಾಸಿಯಾಗುತ್ತದೆಂಬ ಪ್ರಚಾರ ಈಗ ಮೊಬೈಲಿನಲ್ಲಿ ಧಾರಾಳವಾಗಿ ಹರಿದಾಡುತ್ತಿದೆ. ಸಂಗೀತವನ್ನು ಪ್ರೀತಿಸುವವರು ಅದನ್ನು ಹರಡಬಾರದು. ಮಾತ್ರೆ ಬಿಟ್ಟು ರಾಗ ಕೇಳಿರೆಂದು ಒಬ್ಬ ರಕ್ತದೊತ್ತಡದ ರೋಗಿಗೆ ಹೇಳುವುದು ಅಪಾಯಕರ. ನಾದಕ್ಕೂ ದೇಹಕ್ಕೂ ಸಂಬಂಧವಿರುವುದಂತೂ ನಿಜ. ಇಟಲಿಯ ಪವಿಯಾದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 24 ಜನರಿಗೆ ಬಗೆಬಗೆಯ ಸಂಗೀತವನ್ನು ಕೇಳಿಸಿದರು; ಅದರಲ್ಲಿ ನಮ್ಮ ಸಿತಾರದ ರಾಗವೂ ಇತ್ತು. ಲಯ ಚುರುಕಾದಂತೆ ಉಸಿರು, ನಾಡಿ, ರಕ್ತದೊತ್ತಡಗಳು ಏರಿದವು. ಆದರೆ ಅವರು ನಿರೀಕ್ಷಿಸದ ಒಂದು ಸಂಗತಿ ಕಂಡಿತು: ನಡುವೆ ಎರಡು ನಿಮಿಷ ಸಂಗೀತವನ್ನು ನಿಲ್ಲಿಸಿದಾಗ, ಆರಂಭದಲ್ಲಿ ಇದ್ದುದಕ್ಕಿಂತಲೂ ಹೆಚ್ಚಾಗಿ ದೇಹ ಶಾಂತವಾಯಿತು. ಹಾಡು ನಿಂತ ಮೇಲಿನ ಆ ಮೌನವನ್ನು ಹಾಡಿನ ಭಾಗವೆಂದೇ ಎಣಿಸಬೇಕೆಂಬುದು ಕಛೇರಿಗಳಲ್ಲಿ ಕುಳಿತವರಿಗೆ ಅನುಭವದಿಂದ ತಿಳಿದಿದೆ.

ಆ ಮೌನವೇ ನಮ್ಮ ಸಭೆಗಳಲ್ಲಿ ಈಗ ಸಿಗುತ್ತಿಲ್ಲವೆಂಬುದು ನನ್ನ ದೂರು. ಒಂದು ಕಛೇರಿಯಲ್ಲಿ ಗಾಯಕಿಯೊಬ್ಬರು ಕಲ್ಯಾಣಿ ರಾಗವನ್ನು ಮುಕ್ಕಾಲು ಗಂಟೆ ವಿಸ್ತರಿಸಿ, ಪಿಟೀಲಿನವರೂ ಅದನ್ನು ಅಷ್ಟೇ ಚೆಂದವಾಗಿ ಮುಗಿಸಿ, ಇನ್ನೇನು ಕೃತಿಯನ್ನು ಎತ್ತಿಕೊಳ್ಳಬೇಕೆನ್ನುವಾಗ ಸಂಘಟಕರು ವೇದಿಕೆಗೆ ಬಂದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಪ್ರಾಯೋಜಕರಿಗೆ ಸನ್ಮಾನ, ಮೂವರು ಗಣ್ಯರ ಭಾಷಣಗಳೆಲ್ಲ ಮುಗಿಯುವಾಗ 40 ನಿಮಿಷ ಕಳೆದಿತ್ತು. ಅಷ್ಟರಲ್ಲಿ ಅರ್ಧ ಜನ ಎದ್ದುಹೋಗಿದ್ದರು. ಕುರ್ಚಿಗಳು ಖಾಲಿಯಾದದ್ದು ಅಂದು ಜನರ ಅಜ್ಞಾನದಿಂದಲ್ಲ ಎಂಬುದನ್ನು ಮೊದಲ ಪತ್ರ ಬರೆದವರು ದಯವಿಟ್ಟು ಗಮನಿಸಬೇಕು. ಗಣ್ಯರ ಮೇಲೆ ನನಗೆ ಅಗೌರವವಿಲ್ಲ. ಅವರನ್ನು ಕಛೇರಿಗೆ ಮೊದಲೇ ಗೌರವಿಸಿ, ಆಮೇಲೆ ವೇದಿಕೆಯನ್ನು ಪೂರ್ತಿಯಾಗಿ ಕಲಾವಿದರಿಗೆ ಬಿಟ್ಟುಕೊಡಬಹುದಲ್ಲವೇ?

ಧ್ವನಿವರ್ಧಕದ ಹಾವಳಿ ಇದಕ್ಕಿಂತ ದೊಡ್ಡದು. ಇನ್ನೂರು ಜನ ಕೂರುವ ಸಭಾಂಗಣದಲ್ಲಿ ಜಾತ್ರೆಯ ಮೈದಾನಕ್ಕೆ ಸಲ್ಲುವ ಪೆಟ್ಟಿಗೆಗಳನ್ನು ಇರಿಸಿ, ಮೃದಂಗದ ಪ್ರತಿಯೊಂದು ಪೆಟ್ಟೂ ಎದೆಗೆ ಬಡಿಯುವಂತೆ ಮಾಡುತ್ತಾರೆ. 80 ಡೆಸಿಬೆಲ್ ಮಟ್ಟದ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂದೂ, ಸದ್ದು ಹೆಚ್ಚಿದಷ್ಟೂ ಸುರಕ್ಷಿತ ಅವಧಿ ಬೇಗ ಬೇಗ ಕುಗ್ಗುತ್ತದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಶಬ್ದಮಾಲಿನ್ಯ ನಿಯಂತ್ರಣಕ್ಕೆ 2000ರಲ್ಲಿ ಬಂದ ನಿಯಮಗಳು ಬೀದಿಯ ಸದ್ದಿಗೆ ಮಿತಿ ಹಾಕಿವೆ; ಸಭಾಂಗಣದ ಒಳಗೆ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು. ಈ ಆರ್ಭಟದಲ್ಲಿ ಮೊದಲು ಸಾಯುವುದು ತಂಬೂರಿ. ಎಷ್ಟೋ ಕಡೆ ಅದಕ್ಕೆ ಮೈಕನ್ನೇ ಇಡುವುದಿಲ್ಲ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಕಲಾವಿದರ ಕಿವಿಗೆ ಕೇಳಿಸಿದರೆ ಸಾಕೆಂದು ಭಾವಿಸುತ್ತಾರೆ. ಸಭಿಕರಿಗೆ ಶ್ರುತಿ ಕೇಳಿಸದಿದ್ದರೆ ಗಾಯಕರು ಅದನ್ನು ಬಿಟ್ಟು ಎಷ್ಟು ದೂರ ಹೋದರು, ಹೇಗೆ ಮರಳಿ ಬಂದು ಕೂಡಿಕೊಂಡರು ಎಂಬುದು ತಿಳಿಯುವುದಾದರೂ ಹೇಗೆ? ರಾಗದ ಹೆಸರು ಗೊತ್ತಿಲ್ಲದವರನ್ನೂ ಒಳಗೆ ಕರೆದುಕೊಳ್ಳುವ ಬಾಗಿಲು ಅದೊಂದೇ. ಅಂದು ಚಪ್ಪರದಡಿ ಮೆಟ್ಟುಗತ್ತಿ ನಿಲ್ಲಿಸಿದ ಆ ತಾಯಿಗೆ ಕೇಳಿಸಿದ ಕರೆ ಅದೇ ಇರಬೇಕೆಂದು ನನಗನ್ನಿಸುತ್ತದೆ.

ಆದ್ದರಿಂದ ರಾಮನವಮಿಯ ಮತ್ತು ನವರಾತ್ರಿಯ ಸಂಗೀತೋತ್ಸವಗಳನ್ನು ಶ್ರದ್ಧೆಯಿಂದ ನಡೆಸಿಕೊಂಡು ಬರುತ್ತಿರುವ ನಮ್ಮ ನಗರದ ಸಂಘಟಕರಲ್ಲಿ ನನ್ನ ವಿನಂತಿ ಇಷ್ಟು: ಕಛೇರಿ ಆರಂಭವಾಗುವ ಮುನ್ನ ಎರಡು ನಿಮಿಷ ತಂಬೂರಿಯೊಂದೇ ಸಭೆಗೆಲ್ಲ ಕೇಳಿಸಲಿ, ಆ ಹೊತ್ತಿನಲ್ಲಿ ನಿರೂಪಕರೂ ಸುಮ್ಮನಿರಲಿ. ಉಳಿದ ವಾದ್ಯಗಳ ಧ್ವನಿಯನ್ನು ಆ ತಂಬೂರಿ ಮುಳುಗದ ಮಟ್ಟಕ್ಕೆ ತಗ್ಗಿಸಲಿ. ಮುಖ್ಯ ರಾಗ ಮುಗಿದ ಕೂಡಲೇ ಘೋಷಣೆ ಬೇಡ. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಶಾಲೆಗಳಲ್ಲಿ ಕೂಡ, ಪರೀಕ್ಷೆ, ಬಹುಮಾನಗಳ ಗೊಡವೆಯಿಲ್ಲದೆ, ವಾರಕ್ಕೊಮ್ಮೆ ಹತ್ತು ನಿಮಿಷ ಮಕ್ಕಳನ್ನು ಕೂರಿಸಿ ಒಂದು ಆಲಾಪವನ್ನು ಕೇಳಿಸುವ ಏರ್ಪಾಟನ್ನು ಆಸಕ್ತ ಶಿಕ್ಷಕರು ಮಾಡಬಹುದು. ಭದ್ರಾವತಿ ಆಕಾಶವಾಣಿಯವರು ಶಾಸ್ತ್ರೀಯ ಸಂಗೀತಕ್ಕೆ ಮೀಸಲಿಟ್ಟ ಅವಧಿಯನ್ನು ಯಾವ ಕಾರಣಕ್ಕೂ ಕಡಿತಗೊಳಿಸಬಾರದು. ತೋಟದ ಮನೆಗಳಲ್ಲಿ ಒಂಟಿಯಾಗಿರುವ ಹಿರಿಯರಿಗೆ ಮಳೆಗಾಲದ ಆ ಹೊತ್ತು ಎಷ್ಟು ಮುಖ್ಯವೆಂಬುದನ್ನು ನಾನು ಕಂಡು ಬಲ್ಲೆ.

ಮೊದಲ ಪತ್ರವನ್ನು ಬರೆದ ಮಹನೀಯರಿಗೆ ನನ್ನದೊಂದು ಆಹ್ವಾನವಿದೆ. ಬರುವ ರಾಮನವಮಿಯ ಕಛೇರಿಗೆ ಅವರು ದಯವಿಟ್ಟು ಬರಬೇಕು, ರಾಗ ತಾಳಗಳ ಪರಿಚಯವಿಲ್ಲದ ಸ್ನೇಹಿತರೊಬ್ಬರನ್ನೂ ಜೊತೆಗೆ ಕರೆತರಬೇಕು. ನನ್ನ ಬಲಗಿವಿ ಎಡಗಿವಿಗಿಂತ ಚೆನ್ನಾಗಿ ಕೇಳಿಸುವುದರಿಂದ, ಅದು ವೇದಿಕೆಯ ಕಡೆಗಿರಲೆಂದು ಸಭಾಂಗಣದ ಎಡಬದಿಯ ಮೂರನೆಯ ಸಾಲಿನಲ್ಲಿ ಕುಳಿತಿರುತ್ತೇನೆ. ತಂಬೂರಿಯನ್ನು ಶ್ರುತಿ ಮಾಡುವ ಹೊತ್ತಿಗೆ, ಕಛೇರಿಗೆ ಹತ್ತು ನಿಮಿಷ ಮೊದಲೇ ಬಂದರೆ ಒಳ್ಳೆಯದು. ಪಕ್ಕದ ಎರಡು ಕುರ್ಚಿಗಳನ್ನು ಹಿಡಿದಿಟ್ಟಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಕೇಳುಗ
ಶಿವಮೊಗ್ಗ